ಕರುವಿನ ಮಾಂಸದ ಶ್ನಿಟ್ಸೆಲ್ ಮನೆಯಲ್ಲಿ ಮಾಡಿದರೆ ಬ್ರೆಡ್ ಪುಡಿಯ ಪದರ ಯಾಕೆ ಕಳಚುತ್ತದೆ? ನಿಂಬೆ ಯಾವಾಗ ಹಿಂಡಬೇಕು?

ನಿಮ್ಮ ಪ್ರಶ್ನೆ ಪೂರ್ತಿ ಓದಿದೆ. ಜರ್ಮನಿಯ ಮ್ಯೂನಿಕ್‌ಗೆ ಬಂದು ಆರು ತಿಂಗಳಾಗಿದೆ. ಕರುವಿನ ಮಾಂಸ ತಂದು ವೀನರ್ ಶ್ನಿಟ್ಸೆಲ್, ಅಂದರೆ ತೆಳ್ಳಗೆ ಬಡಿದ ಮಾಂಸಕ್ಕೆ ಬ್ರೆಡ್ ಪುಡಿ ಹಚ್ಚಿ ಕರಿಯುವ ಆಸ್ಟ್ರಿಯಾದ ವಿಯೆನ್ನಾ ನಗರದ ಅಡುಗೆ, ಮಾಡಲು ಹೊರಟಿರಿ. ನಿಂಬೆರಸ, ಶುಂಠಿ-ಬೆಳ್ಳುಳ್ಳಿ ಪೇಸ್ಟ್ ಹಚ್ಚಿ ಒಂದು ಗಂಟೆ ಇಟ್ಟಿರಿ. ಬ್ರೆಡ್ ಪುಡಿಯನ್ನು ಅಂಗೈಯಿಂದ ಚೆನ್ನಾಗಿ ಒತ್ತಿದಿರಿ. ಬಾಣಲೆಗೆ ಹಾಕಿದರೆ ಪದರ ಮಾಂಸವನ್ನು ಬಿಟ್ಟು ಮೇಲೆದ್ದಿತು, ಅಲ್ಲಲ್ಲಿ ಒಡೆದು ಉದುರಿತು, ಉಳಿದದ್ದು ಎಣ್ಣೆ ಕುಡಿದು ಜಿಡ್ಡಾಯಿತು. ತಪ್ಪಿದ್ದೆಲ್ಲಿ ಅಂತ ಕೇಳಿದ್ದೀರಿ.

ಮೊದಲು ಸಮಾಧಾನದ ಮಾತು ಹೇಳುತ್ತೇನೆ. ಪದರ ಮಾಂಸ ಬಿಟ್ಟು ಮೇಲೇಳುವುದು ತಪ್ಪೇ ಅಲ್ಲ. ವಿಯೆನ್ನಾದಲ್ಲಿ ಎಲ್ಲರಿಗೂ ಬೇಕಾದದ್ದು ಅದೇ. ಒಳ್ಳೆ ಶ್ನಿಟ್ಸೆಲ್ ಅಂದರೆ ಪದರ ಅಲೆಅಲೆಯಾಗಿ ಉಬ್ಬಿರಬೇಕು, ಅದಕ್ಕೂ ಮಾಂಸಕ್ಕೂ ನಡುವೆ ಗಾಳಿ ಇರಬೇಕು, ಚಾಕುವಿನ ತುದಿ ಒಳಗೆ ಸಲೀಸಾಗಿ ಹೋಗಬೇಕು. ನಿಮ್ಮದರಲ್ಲಿ ಕೆಟ್ಟಿದ್ದು ಪದರ ಒಡೆದದ್ದು ಮತ್ತು ಎಣ್ಣೆ ಕುಡಿದದ್ದು. ಅವೆರಡನ್ನೂ ಸರಿಮಾಡಬಹುದು.

ನಾನು ಮೈಸೂರಿನ ಕಡೆಯ ಕ್ರೈಸ್ತ ಮನೆಯಿಂದ ಬಂದದ್ದು. ವಿಯೆನ್ನಾದಲ್ಲಿ ಹನ್ನೆರಡು ವರ್ಷದಿಂದ ಇದ್ದೇನೆ. ಇಲ್ಲಿನ ಹಳೇ ಕಟ್ಟಡಗಳಲ್ಲಿ ಭಾನುವಾರ ಬೆಳಗ್ಗೆ ಕಿಟಕಿ ತೆರೆದರೆ ಯಾರದೋ ಅಡುಗೆಮನೆಯಿಂದ ಟಪ್ ಟಪ್ ಅಂತ ಮಾಂಸ ಬಡಿಯುವ ಸದ್ದು ಕೇಳಿಸುತ್ತದೆ. ನನ್ನ ಮೇಲಿನ ಮನೆಯಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಇದ್ದರು. ಈ ಅಡುಗೆಯನ್ನು ನನಗೆ ಕೈಹಿಡಿದು ಕಲಿಸಿದ್ದು ಅವರೇ. ಮೊದಲ ದಿನ ನಾನೂ ನಿಮ್ಮ ಹಾಗೆ ಬ್ರೆಡ್ ಪುಡಿ ಒತ್ತಲು ಹೋದೆ. ಅವರು ಏನೂ ಹೇಳದೆ ನನ್ನ ಮಣಿಕಟ್ಟು ಹಿಡಿದು ಮೇಲಕ್ಕೆತ್ತಿದರು. ಆಮೇಲೆ ತಾವೇ ಮಾಂಸದ ಹಾಳೆಯನ್ನು ಪುಡಿಯ ಮೇಲೆ ಮಲಗಿಸಿ, ಮೇಲೆ ಒಂದಿಷ್ಟು ಪುಡಿ ಉದುರಿಸಿ, ತಿರುಗಿಸಿ, ಎತ್ತಿ ಕೊಡವಿದರು. ಅಷ್ಟೇ.

ನಮ್ಮ ಕೈ ಯಾಕೆ ಒತ್ತುತ್ತದೆ ಅಂತ ಆಮೇಲೆ ಯೋಚಿಸಿದೆ. ನಮ್ಮ ಕಡೆ ಕಟ್ಲೆಟ್ ಅಂದರೆ ಬೇರೆಯೇ ವಸ್ತು. ಆಲೂಗಡ್ಡೆಯನ್ನೋ ಕೈಮಾವನ್ನೋ ಮಸಾಲೆ ಹಾಕಿ ಕಲಸಿ, ತಟ್ಟಿ, ಮೊಟ್ಟೆಯಲ್ಲಿ ಅದ್ದಿ, ರಸ್ಕ್ ಪುಡಿಯಲ್ಲಿ ಹೊರಳಿಸಿ ಗಟ್ಟಿಯಾಗಿ ಒತ್ತುತ್ತೇವೆ. ಕ್ರಿಸ್‌ಮಸ್‌ಗೆ ನಮ್ಮಮ್ಮ ಮಧ್ಯಾಹ್ನವೇ ಎಲ್ಲ ತಟ್ಟಿ ಫ್ರಿಜ್ಜಿನಲ್ಲಿಟ್ಟು, ಸಂಜೆ ಕರಿಯುತ್ತಿದ್ದರು. ಆ ಕಟ್ಲೆಟ್‌ಗೆ ಅದೇ ಸರಿ. ಒಳಗಿನ ಹೂರಣ ಮೆತ್ತಗೆ, ಪದರ ಅದನ್ನು ಹಿಡಿದು ನಿಲ್ಲಿಸಬೇಕು. ಶ್ನಿಟ್ಸೆಲ್‌ನ ಒಳಗಿರುವುದು ಇಡೀ ಮಾಂಸದ ತುಂಡು. ಅದನ್ನು ಯಾರೂ ಹಿಡಿದು ನಿಲ್ಲಿಸಬೇಕಾಗಿಲ್ಲ. ಒತ್ತಿದರೆ ಪುಡಿ ಮೊಟ್ಟೆಯೊಳಗೆ ಹೂತುಹೋಗಿ ದಪ್ಪ ಮುದ್ದೆಯಾಗುತ್ತದೆ. ಒಳಗಿನ ಆವಿ ಅದನ್ನು ಮೆಲ್ಲಗೆ ಎತ್ತಲಾರದೆ ಎಲ್ಲೋ ಒಂದು ಕಡೆ ಒಡೆದುಕೊಂಡು ಬರುತ್ತದೆ. ಆ ಬಿರುಕಿನಿಂದ ಎಣ್ಣೆ ಒಳಗೆ ನುಗ್ಗುತ್ತದೆ. ಫ್ರಿಜ್ಜಿನಲ್ಲಿಟ್ಟರೂ ಹಾಗೆಯೇ, ಪುಡಿ ಮೊಟ್ಟೆ ಹೀರಿಕೊಂಡು ಭಾರವಾಗುತ್ತದೆ. ಅದಕ್ಕೇ ಮೊದಲು ಬಾಣಲೆ ಬಿಸಿಮಾಡಿ, ಆಮೇಲೆ ಪುಡಿ ಹಚ್ಚಿ, ಹಚ್ಚಿದ ಕೂಡಲೇ ಕರಿಯಿರಿ.

ಯೂಟ್ಯೂಬ್‌ನಲ್ಲಿ ಒತ್ತುವುದನ್ನು ನೋಡಿದ್ದೆ ಅಂತಲೂ ಬರೆದಿದ್ದೀರಿ. ಅದು ಬಹುಶಃ ಇಟಲಿಯ ಮಿಲಾನ್ ಊರಿನ ಕೊಟೊಲೆಟ್ಟಾ ಇರಬೇಕು. ಅದು ಮೂಳೆ ಸಮೇತ, ದಪ್ಪಗೆ, ಮೈದಾ ಇಲ್ಲದೆ, ಬೆಣ್ಣೆಯಲ್ಲಿ ಬೇಯಿಸುವಂಥದ್ದು. ಅಲ್ಲಿ ಪುಡಿಯನ್ನು ಒತ್ತುತ್ತಾರೆ, ಪದರ ಮಾಂಸಕ್ಕೆ ಅಂಟಿಕೊಂಡೇ ಇರುತ್ತದೆ. ಆಸ್ಟ್ರಿಯಾದ ಸೇನಾಪತಿ ರಾಡೆಟ್ಸ್ಕಿ ಮಿಲಾನ್‌ನಿಂದ ಇದನ್ನು ವಿಯೆನ್ನಾಕ್ಕೆ ತಂದ ಅನ್ನುವ ಕತೆ ಇಲ್ಲಿ ಎಲ್ಲರಿಗೂ ಗೊತ್ತು. ಭಾಷಾಶಾಸ್ತ್ರಜ್ಞ ಹೈಂಟ್ಸ್-ಡೀಟರ್ ಪೋಲ್ ಕೆದಕಿ ನೋಡಿ ಆ ಕತೆಗೆ ಬುಡವಿಲ್ಲ ಅಂತ ತೋರಿಸಿದರು. ಕತೆ ಏನೇ ಇರಲಿ, ಎರಡರ ಕ್ರಮವನ್ನು ಬೆರೆಸಬೇಡಿ.

ಈಗ ಮಾಂಸ. ಆಸ್ಟ್ರಿಯಾದಲ್ಲೂ ಜರ್ಮನಿಯಲ್ಲೂ ಬರೀ 'ವೀನರ್ ಶ್ನಿಟ್ಸೆಲ್' ಅಂತ ಬರೆದು ಮಾರಿದರೆ ಅದು ಕರುವಿನ ಮಾಂಸವೇ ಆಗಿರಬೇಕು. ಹಂದಿಯದಾದರೆ ಹಾಗಂತ ಹೆಸರಿನಲ್ಲೇ ತಿಳಿಸಬೇಕು. ನಿಮ್ಮೂರಿನ ಮಾಂಸದಂಗಡಿಯಲ್ಲಿ 'ಓಬರ್‌ಶಾಲೆ' ಅಂತ ಕೇಳಿ, ಹಿಂತೊಡೆಯ ಒಳಭಾಗ. ವಿಯೆನ್ನಾದಲ್ಲಿ ಅದಕ್ಕೆ 'ಕೈಸರ್‌ಟೈಲ್' ಅನ್ನುತ್ತಾರೆ. ಎಳೆಗಳಿಗೆ ಅಡ್ಡವಾಗಿ ಕತ್ತರಿಸಿ ಕೊಡಲು ಹೇಳಿ. ಚಿಟ್ಟೆ ರೆಕ್ಕೆಯ ಹಾಗೆ ನಡುವೆ ಸೀಳಿ ಬಿಡಿಸಿಕೊಟ್ಟರೆ ಇನ್ನೂ ಒಳ್ಳೆಯದು, ದೊಡ್ಡ ತೆಳು ಹಾಳೆ ಸಿಗುತ್ತದೆ. ಒಬ್ಬರಿಗೆ 130ರಿಂದ 150 ಗ್ರಾಂ ಸಾಕು.

ಮನೆಗೆ ತಂದು ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ಬಡಿಯಿರಿ. ಹಲ್ಲುಹಲ್ಲಿನ ಸುತ್ತಿಗೆ ಬೇಡ, ಅದು ಎಳೆಗಳನ್ನು ಹರಿದುಹಾಕುತ್ತದೆ. ಸಣ್ಣ, ಭಾರದ ಪಾತ್ರೆಯ ತಳ ಸಾಕು. ಮಧ್ಯದಿಂದ ಅಂಚಿಗೆ ತಳ್ಳುತ್ತ ಬಡಿಯಬೇಕು. ಎಲ್ಲ ಕಡೆ ಒಂದೇ ದಪ್ಪ, 4ರಿಂದ 5 ಮಿಲಿಮೀಟರ್. ಅಂಚಿನಲ್ಲಿ ಬಿಳಿ ಪೊರೆ ಇದ್ದರೆ ಚಾಕುವಿನಿಂದ ಅಲ್ಲಲ್ಲಿ ಸೀಳಿಬಿಡಿ. ಇಲ್ಲದಿದ್ದರೆ ಕರಿಯುವಾಗ ಮುದುರಿಕೊಳ್ಳುತ್ತದೆ.

ಶುಂಠಿ-ಬೆಳ್ಳುಳ್ಳಿಯ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಮಾಂಸ ಅಂದ ಕೂಡಲೇ ಅದನ್ನು ಹಚ್ಚಿ ಇಡುವುದು ರೂಢಿ. ಕರುವಿನ ಮಾಂಸಕ್ಕೆ ಅದು ಬೇಡವೇ ಬೇಡ. ಅದಕ್ಕೆ ಘಾಟು ವಾಸನೆಯಿಲ್ಲ, ಹಾಲಿನಂಥ ಮೆದು ರುಚಿ, ಮಸಾಲೆ ಬಿದ್ದರೆ ಆ ರುಚಿ ಮುಚ್ಚಿಹೋಗುತ್ತದೆ. ಇನ್ನು ಇಷ್ಟು ತೆಳ್ಳಗಿನ ಮಾಂಸದ ಮೇಲೆ ನಿಂಬೆಯ ಹುಳಿ ಒಂದು ಗಂಟೆ ನಿಂತರೆ ಮೇಲ್ಮೈ ಬೆಂದಂತಾಗಿ ನೀರು ಬಿಡುತ್ತದೆ. ಆ ಒದ್ದೆಯ ಮೇಲೆ ಮೈದಾ ಅಂಟಾಗಿ ಜಾರುತ್ತದೆ. ನಿಮ್ಮ ಪದರ ಉದುರಿದ್ದಕ್ಕೆ ಅರ್ಧ ಕಾರಣ ಇದೇ ಅಂತ ನನಗೆ ಅನ್ನಿಸುತ್ತದೆ. ಮಾಂಸವನ್ನು ಪೇಪರಿನಿಂದ ಒತ್ತಿ ಒಣಗಿಸಿ. ಎರಡೂ ಕಡೆ ಉಪ್ಪು ಹಾಕಿ. ಅದೂ ಕೊನೇ ಗಳಿಗೆಯಲ್ಲಿ, ಯಾಕೆಂದರೆ ಉಪ್ಪು ಕೂಡ ನೀರು ಎಳೆಯುತ್ತದೆ.

ಮೂರು ಅಗಲ ತಟ್ಟೆ ಇಟ್ಟುಕೊಳ್ಳಿ. ನಾಲ್ಕು ಜನಕ್ಕೆ ಒಂದರಲ್ಲಿ ಸುಮಾರು 100 ಗ್ರಾಂ ಮೈದಾ, ಇನ್ನೊಂದರಲ್ಲಿ ಮೂರು ಮೊಟ್ಟೆ, ಮತ್ತೊಂದರಲ್ಲಿ 200 ಗ್ರಾಂ ಬ್ರೆಡ್ ಪುಡಿ. ಮೊಟ್ಟೆಯನ್ನು ಫೋರ್ಕಿನಿಂದ ಸುಮ್ನೆ ಒಡೆದು ಕಲಕಿ, ನೊರೆ ಬರುವ ತನಕ ಹೊಡೆಯಬೇಡಿ. ಒಂದು ಚಮಚ ಹಾಲು ಹಾಕಿದರೆ ಪದರ ಇನ್ನೂ ಹಗುರ. ಬ್ರೆಡ್ ಪುಡಿ ಇಲ್ಲಿ 'ಸೆಮ್ಮೆಲ್' ಅನ್ನುವ ಬಿಳಿ ಬನ್ ಒಣಗಿಸಿ ಪುಡಿಮಾಡಿದ್ದು. ನಿಮ್ಮಲ್ಲೂ ಬೇಕರಿಯಲ್ಲಿ ಸಿಗುತ್ತದೆ. ನಮ್ಮ ರಸ್ಕ್ ಪುಡಿ ಇದಕ್ಕೆ ಆಗುವುದಿಲ್ಲ. ರಸ್ಕ್‌ನಲ್ಲಿ ಸಕ್ಕರೆ ಇರುತ್ತದೆ, ಮಾಂಸ ಬೇಯುವ ಮೊದಲೇ ಕಪ್ಪಾಗುತ್ತದೆ. ನಾನು ಒಮ್ಮೆ ಊರಿನಿಂದ ತಂದ ರಸ್ಕ್ ಹಾಕಿ ಇಡೀ ಬಾಣಲೆ ಹಾಳುಮಾಡಿದ್ದೆ. ಮೈದಾದಲ್ಲಿ ಹೊರಳಿಸಿದ ಮೇಲೆ ಚೆನ್ನಾಗಿ ಕೊಡವಿ, ಮೊಟ್ಟೆಯಿಂದ ಎತ್ತಿ ತೊಟ್ಟಿಕ್ಕಲು ಬಿಡಿ, ಪುಡಿಯ ಮೇಲೆ ಮಲಗಿಸಿ. ಒತ್ತಬೇಡಿ.

ಜಿಡ್ಡಿನ ವಿಷಯದಲ್ಲಿ ನಾವು ಕನ್ನಡದವರು ಪುಣ್ಯವಂತರು. ಇಲ್ಲಿ ಹಂದಿ ಕೊಬ್ಬು ಇಲ್ಲವೇ 'ಬುಟ್ಟರ್‌ಶ್ಮಾಲ್ಟ್ಸ್' ಬಳಸುತ್ತಾರೆ. ಎರಡನೆಯದು ಬೇರೇನೂ ಅಲ್ಲ, ತುಪ್ಪ. ಬರೀ ಬೆಣ್ಣೆಯಲ್ಲಿ ಕರಿದರೆ ಅದರಲ್ಲಿರುವ ಹಾಲಿನ ಅಂಶ ಸೀದು ಕಪ್ಪು ಚುಕ್ಕೆಯಾಗುತ್ತದೆ. ತುಪ್ಪದಲ್ಲಿ ಆ ಅಂಶವನ್ನು ಸೋಸಿ ತೆಗೆದಿರುತ್ತೇವೆ, ಹಾಗಾಗಿ ಅದು ಶಾಖ ತಡೆಯುತ್ತದೆ. ಒಂದು ವ್ಯತ್ಯಾಸ ಮಾತ್ರ ನೆನಪಿರಲಿ. ನಾವು ಗಸಿ ಕೆಂಪಾಗುವ ತನಕ ಕಾಯಿಸುತ್ತೇವೆ, ಅದಕ್ಕೇ ನಮ್ಮ ತುಪ್ಪಕ್ಕೆ ಘಮ ಜಾಸ್ತಿ. ಇಲ್ಲಿನದು ತಿಳಿಯಾಗಿರುತ್ತದೆ. ಊರಿನ ತುಪ್ಪವನ್ನೇ ಹಾಕಿದರೆ ಶ್ನಿಟ್ಸೆಲ್‌ಗೆ ಮೈಸೂರು ಪಾಕಿನ ಪರಿಮಳ ಬರುತ್ತದೆ. ನಾನು ಅರ್ಧ ತುಪ್ಪ, ಅರ್ಧ ಸೂರ್ಯಕಾಂತಿ ಎಣ್ಣೆ ಸೇರಿಸುತ್ತೇನೆ.

ಎಷ್ಟು ಹಾಕಬೇಕು? ಇಲ್ಲಿ ಜಿಪುಣತನ ಮಾಡಬೇಡಿ. ಬಾಣಲೆಯಲ್ಲಿ ಎರಡು ಬೆರಳಷ್ಟು, ಅಂದರೆ 2-3 ಸೆಂಟಿಮೀಟರ್ ಆಳ ಇರಲಿ. ಶ್ನಿಟ್ಸೆಲ್ ತೇಲಬೇಕು, ತಳಕ್ಕೆ ಅಂಟಬಾರದು. ದೋಸೆಗೆ ಹಾಕುವಷ್ಟು ಎಣ್ಣೆಯಲ್ಲಿ ಮಾಡಿದರೆ ಎಣ್ಣೆ ಕಡಿಮೆ ಕುಡಿಯುತ್ತದೆ ಅಂದುಕೊಳ್ಳುತ್ತೇವೆ. ಆದರೆ ತಣ್ಣನೆಯ ಮಾಂಸ ಬಿದ್ದ ಕೂಡಲೇ ಅಷ್ಟು ಎಣ್ಣೆಯ ಬಿಸಿ ಇಳಿದುಹೋಗುತ್ತದೆ, ಪುಡಿ ಗರಿಯಾಗದೆ ಎಣ್ಣೆ ಹೀರುತ್ತ ಕೂರುತ್ತದೆ. ಬಿಸಿ 170 ಡಿಗ್ರಿ ಸೆಲ್ಸಿಯಸ್ ಹತ್ತಿರ ಇರಬೇಕು. ಅಳೆಯುವ ಕಡ್ಡಿ ಇಲ್ಲದಿದ್ದರೆ ಒಂದು ಚಿಟಿಕೆ ಬ್ರೆಡ್ ಪುಡಿ ಹಾಕಿ ನೋಡಿ. ಬಿದ್ದ ಕೂಡಲೇ ಸುತ್ತ ಗುಳ್ಳೆ ಎದ್ದರೆ ಸರಿ, ಕಪ್ಪಾಗಿ ಹೊಗೆ ಬಂದರೆ ಜಾಸ್ತಿ. ಒಂದು ಸಲಕ್ಕೆ ಒಂದೇ ತುಂಡು.

ಇನ್ನು ನಿಮ್ಮ ಕೈಗೆ ಆಗಲೇ ಗೊತ್ತಿರುವ ಕೆಲಸ. ಪೂರಿ ಎಣ್ಣೆಗೆ ಬಿಟ್ಟ ಮೇಲೆ ಸೌಟಿನಿಂದ ಬಿಸಿ ಎಣ್ಣೆಯನ್ನು ಅದರ ಮೇಲೆ ಎರಚುತ್ತೇವೆ ಅಲ್ವಾ? ಮೇಲ್ಭಾಗಕ್ಕೂ ಶಾಖ ತಗುಲಿ ಒಳಗಿನ ನೀರು ಆವಿಯಾಗಿ ಪೂರಿ ಉಬ್ಬುತ್ತದೆ. ಶ್ನಿಟ್ಸೆಲ್ ಉಬ್ಬುವುದೂ ಹಾಗೆಯೇ. ಇಲ್ಲಿನವರು ಬಾಣಲೆಯ ಹಿಡಿ ಹಿಡಿದು ಮೆಲ್ಲಗೆ ಸುತ್ತ ಆಡಿಸುತ್ತಾರೆ, ತುಪ್ಪ ಅಲೆಯಾಗಿ ಮೇಲೆ ಹರಿಯುತ್ತದೆ. ನನಗೆ ಅದು ಭಯ, ಹಾಗಾಗಿ ನಾನು ಸೌಟು ಹಿಡಿದು ಪೂರಿಯ ಹಾಗೆಯೇ ಎರಚುತ್ತೇನೆ. ಅಜ್ಜಿ ಅದನ್ನು ನೋಡಿ ತಲೆಯಾಡಿಸಿ ಒಪ್ಪಿದ್ದರು. ಒಂದು ಕಡೆ ಒಂದೂವರೆ ನಿಮಿಷ, ಒಂದೇ ಸಲ ತಿರುಗಿಸಿ ಇನ್ನೊಂದು ಕಡೆ ಅಷ್ಟೇ. ಫೋರ್ಕಿನಿಂದ ಚುಚ್ಚಬೇಡಿ, ಆವಿ ಹೊರಟುಹೋಗುತ್ತದೆ. ಹೊಂಬಣ್ಣ ಬಂದಾಗ ತೆಗೆದು ಪೇಪರಿನ ಮೇಲಿಡಿ. ಒಂದರ ಮೇಲೊಂದು ಪೇರಿಸಿದರೆ ಕೆಳಗಿನದು ಮೆತ್ತಗಾಗುತ್ತದೆ.

ನಿಂಬೆ ಕೊನೆಗೆ, ಊಟಕ್ಕೆ ಕೂತ ಮೇಲೆ. ಚಿತ್ರಾನ್ನಕ್ಕೆ ಒಲೆ ಆರಿಸಿದ ಮೇಲೆ ನಿಂಬೆ ಹಿಂಡುತ್ತೇವಲ್ಲ, ಅದಕ್ಕಿಂತಲೂ ತಡವಾಗಿ. ಹಣ್ಣನ್ನು ಬಿಲ್ಲೆಯಾಗಿ ಹೆಚ್ಚಬೇಡಿ, ಹಿಂಡಲು ಬರುವುದಿಲ್ಲ. ಉದ್ದಕ್ಕೆ ನಾಲ್ಕು ಹೋಳು ಮಾಡಿ ತಟ್ಟೆಯ ಅಂಚಿಗಿಡಿ. ಕೆಲವು ಹೋಟೆಲುಗಳಲ್ಲಿ ಬೀಜ ಬೀಳದಿರಲಿ ಅಂತ ಅರ್ಧ ಹಣ್ಣನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಕೊಡುತ್ತಾರೆ. ಪೂರ್ತಿ ಶ್ನಿಟ್ಸೆಲ್ ಮೇಲೆ ಒಮ್ಮೆಗೇ ಹಿಂಡಿದರೆ ಐದು ನಿಮಿಷದಲ್ಲಿ ಗರಿ ಹೋಗುತ್ತದೆ. ಈಗ ತಿನ್ನುವ ತುಂಡಿಗೆ ಮಾತ್ರ ನಾಲ್ಕು ಹನಿ. ತುಪ್ಪದ ಜಿಡ್ಡು ನಾಲಿಗೆಯ ಮೇಲೆ ಕೂತಿರುತ್ತದೆ, ಹುಳಿ ಬಿದ್ದ ಕೂಡಲೇ ಅದು ಸರಿದು ಮಾಂಸದ ರುಚಿ ಕಾಣುತ್ತದೆ. ಯುರೋಪಿನ ನಿಂಬೆ ದೊಡ್ಡದು, ಹಳದಿ, ಸಿಪ್ಪೆ ದಪ್ಪ. ಹುಳಿ ನಮ್ಮದಕ್ಕಿಂತ ಮೆದು. ನಮ್ಮ ಪುಟ್ಟ ನಿಂಬೆ ಸಿಕ್ಕರೆ ಕೈ ಹಿಡಿತದಲ್ಲಿರಲಿ.

ಜೊತೆಗೆ ವಿಯೆನ್ನಾದ ಆಲೂಗಡ್ಡೆ ಸಲಾಡ್ ಮಾಡಿ. ಆಲೂಗಡ್ಡೆ ಸಿಪ್ಪೆ ಸಮೇತ ಬೇಯಿಸಿ, ಬಿಸಿ ಇರುವಾಗಲೇ ಸುಲಿದು ಬಿಲ್ಲೆ ಮಾಡಿ, ಬಿಸಿ ಮಾಂಸದ ಸಾರು, ವಿನಿಗರ್, ಸ್ವಲ್ಪ ಸಾಸಿವೆ ಪೇಸ್ಟ್, ಸಕ್ಕರೆ, ಉಪ್ಪು, ಈರುಳ್ಳಿ ಹಾಕಿ ಅರ್ಧ ಗಂಟೆ ಬಿಡಿ. ಕೊನೆಗೆ ಎಣ್ಣೆ. ಮಯೋನೀಸ್ ಬೇಡ.

ಇದನ್ನು ಬೆಂಗಳೂರಿನಲ್ಲಿ ಮಾಡಬಹುದಾ ಅಂತ ಇನ್ನೊಬ್ಬ ಓದುಗರು ಕೇಳಿದ್ದಾರೆ. 2020ರ ಗೋಹತ್ಯೆ ನಿಷೇಧ ಕಾಯ್ದೆಯಿಂದಾಗಿ ಕರ್ನಾಟಕದಲ್ಲಿ ಕರುವಿನ ಮಾಂಸ ಸಿಗುವುದಿಲ್ಲ. ಕೋಳಿಯ ಎದೆಭಾಗವನ್ನು ಸೀಳಿ ಬಡಿದು ಇದೇ ಕ್ರಮದಲ್ಲಿ ಮಾಡಿ, ಅದೂ ತುಂಬಾ ಚೆನ್ನಾಗಿರುತ್ತದೆ. ಕೋಳಿ ಪೂರ್ತಿ ಬೇಯಬೇಕು, ಹಾಗಾಗಿ ಅರ್ಧ ನಿಮಿಷ ಜಾಸ್ತಿ ಬಿಡಿ.

ಉಳಿದರೆ ಮತ್ತೆ ಬಿಸಿಮಾಡಬೇಡಿ. ಫ್ರಿಜ್ಜಿನಲ್ಲಿಟ್ಟು, ಮಾರನೇ ದಿನ ಸೆಮ್ಮೆಲ್ ಬನ್ ಸೀಳಿ ಅದರೊಳಗೆ ತಣ್ಣಗೇ ಇಟ್ಟು, ಒಂದು ಎಲೆ ಸಲಾಡ್ ಸೊಪ್ಪು ಸೇರಿಸಿ, ಎರಡು ಹನಿ ನಿಂಬೆ ಹಿಂಡಿ ಕೆಲಸಕ್ಕೆ ಕಟ್ಟಿಕೊಂಡು ಹೋಗಿ. ಮುಂದಿನ ಭಾನುವಾರ ಮಾಡಿದರೆ ಪದರ ಉಬ್ಬಿತಾ ಇಲ್ಲವಾ ಅಂತ ಇಲ್ಲೇ ಬರೆಯಿರಿ, ಇನ್ನೂ ತೊಂದರೆ ಇದ್ದರೆ ನೋಡೋಣ.