ಮಾತಾಡೋಕಾಗದ ಅಜ್ಜಿಗೆ ನೋವು ಎಷ್ಟಿದೆ ಅಂತ ಹೇಗೆ ತಿಳ್ಕೊಳ್ಳೋದು?

ಅಜ್ಜಿಗೆ ಕ್ಯಾನ್ಸರ್ ಜೊತೆ ಮರೆವಿನ ಕಾಯಿಲೆನೂ ಇದೆ, ಹತ್ತರಲ್ಲಿ ನೋವು ಎಷ್ಟಜ್ಜಿ ಅಂದ್ರೆ ಸುಮ್ನೆ ನೋಡ್ತಾರೆ, ಏನ್ಮಾಡೋದು ಅಂತ ಅವರನ್ನ ನೋಡ್ಕೊಳ್ಳೋರೊಬ್ರು ಕೇಳಿದ್ರು. ಅಜ್ಜಿ ಹಾಗೆ ನೋಡೋದು ಸಹಜ. ನೋವಿಲ್ಲ ಅಂದ್ರೆ 0, ತಡೆಯೋಕಾಗದಷ್ಟು ಅಂದ್ರೆ 10 ಅನ್ನೋ ಆ ಸ್ಕೇಲು ಬಾಯಿಬಿಟ್ಟು ಹೇಳೋಕಾಗೋ ಪೇಷಂಟ್‌ಗೆ ಮಾತ್ರ ಸರಿ. ಇಂಥವರಿಗೆ ಪೇನ್ಯಾಡ್ (PAINAD) ಅಂತ, ಮರೆವಿನ ಕಾಯಿಲೆ ಇರೋರ ನೋವು ಅಳೆಯೋ ಒಂದು ಸ್ಕೇಲ್ ಇದೆ, ಅದರಲ್ಲಿ ಕೇಳೋದೇ ಇಲ್ಲ, ಐದು ನಿಮಿಷ ಪಕ್ಕದಲ್ಲಿ ಕೂತು ನೋಡೋದು ಅಷ್ಟೇ, ಉಸಿರಾಟ ಹೇಗಿದೆ, ನರಳ್ತಾರಾ, ಮುಖ ಕಿವುಚ್ತಾರಾ, ಮೈ ಬಿಗಿ ಹಿಡಿದಿದಾರಾ, ತಲೆ ಸವರಿದ್ರೆ ಸಮಾಧಾನ ಆಗ್ತಾರಾ ಅಂತ. ಒಂದೊಂದಕ್ಕೂ 0ಯಿಂದ 2 ಅಂಕ, ಒಟ್ಟು 10, ಅಂಕ ಜಾಸ್ತಿ ಆದಷ್ಟೂ ನೋವು ಜಾಸ್ತಿ ಅಂತ. ಮಲಗಿದ್ದಾಗ ಮಾತ್ರ ನೋಡಿ ನೋವಿಲ್ಲ ಅನ್ಕೋಬೇಡಿ, ಮಗ್ಗುಲು ಬದಲಿಸುವಾಗ, ಮೈ ಒರೆಸುವಾಗ ನೋಡಿ, ನನ್ನ ಪ್ರಕಾರ ನಿಜ ಗೊತ್ತಾಗೋದೇ ಆಗ.

ಮಾತ್ರೆಗೆ ಮುಂಚೆ ಎಷ್ಟಿತ್ತು, ಒಂದು ಗಂಟೆ ಆದ್ಮೇಲೆ ಎಷ್ಟು ಅಂತ ಕ್ಯಾಲೆಂಡರ್ ಮೇಲೇ ಬರೆದಿಡಿ, ಡಾಕ್ಟ್ರಿಗೆ ಡೋಸ್ ನಿರ್ಧರಿಸೋಕೆ ಅದು ತುಂಬಾ ಹೆಲ್ಪ್ ಆಗುತ್ತೆ. ನೋವು ಬಿಟ್ಟು ಸುಸ್ತು, ವಾಕರಿಕೆ, ಉಬ್ಬಸ, ಹಸಿವು, ನಿದ್ದೆಮಂಪರು, ಬೇಜಾರು, ಆತಂಕ ಇವಕ್ಕೆಲ್ಲ ಕೆನಡಾದ ಎಡ್ಮಂಟನ್‌ನಲ್ಲಿ 1991ರ ಸುಮಾರಿಗೆ ಶುರುವಾದ ಇಸ್ಯಾಸ್ (ESAS) ಅನ್ನೋ, ಒಂದೊಂದು ತೊಂದರೆಗೂ ಅಂಕ ಹಾಕೋ ಫಾರ್ಮ್ ಇದೆ, ರೋಗಿಗೆ ಆಗದಿದ್ರೆ ನೋಡ್ಕೊಳ್ಳೋರೇ ತುಂಬಬಹುದು, ಆದ್ರೆ ಬೇಜಾರು-ಆತಂಕದ ಕಾಲಂನಲ್ಲಿ ನಮ್ಮ ಸಂಕಟನೇ ಅವರ ಹೆಸರಲ್ಲಿ ಬರೆದ್ಬಿಡ್ತೀವಿ, ಹುಷಾರು.