ಸಾಲವೇ ಮಾಡದ ಹುಡುಗನಿಗೆ ಕಾರ್ಡ್ ಯಾಕೆ ಸಿಗಲಿಲ್ಲ?

ಬಳ್ಳಾರಿಯ ಹುಡುಗ, ವಯಸ್ಸು 23. ಜೀನ್ಸ್ ಹೊಲಿಯುವ ಯೂನಿಟ್ ಒಂದರಲ್ಲಿ ಲೆಕ್ಕ ಬರೆಯುತ್ತಾನೆ. (ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.) ಸಂಬಳ 16,000, ಅರ್ಧ ಖಾತೆಗೆ, ಅರ್ಧ ಕೈಗೆ. ಮೊಬೈಲಿನಲ್ಲಿ ಕಂಡ ಕಂಡ ಕ್ರೆಡಿಟ್ ಕಾರ್ಡಿಗೆಲ್ಲ ಅರ್ಜಿ ಹಾಕಿದ್ದ. ಒಂದೇ ತಿಂಗಳಲ್ಲಿ ಐದು. ಐದೂ ರಿಜೆಕ್ಟ್ ಆದ ಮೇಲೆ ನನ್ನ ಹತ್ತಿರ ಬಂದ.

"ನಮ್ಮ ಮನ್ಯಾಗ ಯಾರೂ ಸಾಲ ಮಾಡಿಲ್ರೀ ಮೇಡಂ. ನನ್ನ ಹೆಸರಿಗೆ ಒಂದು ರೂಪಾಯಿ ಬಾಕಿ ಇಲ್ಲ. ಮತ್ತ್ಯಾಕ ಕೊಡವಲ್ರು?"

ಅವನ ಸಿಬಿಲ್ ವರದಿ ತೆಗೆಸಿದೆ. ಸಾಲ ತಗೊಂಡು ತೀರಿಸಿದ ಚರಿತ್ರೆ ನೋಡಿ ಅಂಕ ಕೊಡುವ ಕಂಪನಿಯ ವರದಿ ಅದು. ಅಂಕ ಇರಬೇಕಾದ ಜಾಗದಲ್ಲಿ -1 ಅಂತ ಇತ್ತು. ಹುಡುಗ ಗಾಬರಿಯಾದ. ಗಾಬರಿ ಪಡುವಂಥದ್ದೇನಿಲ್ಲ. ಅಂಕ 300ರಿಂದ 900ರವರೆಗೆ ಇರುತ್ತದೆ. -1 ಅಂದರೆ ಸಾಲದ ಚರಿತ್ರೆಯೇ ಇಲ್ಲ ಅಂತ, ಅಷ್ಟೆ. ತೊಂದರೆ ಇದ್ದದ್ದು ಕೆಳಗಿನ ಪಟ್ಟಿಯಲ್ಲಿ. ಒಂದರ ಕೆಳಗೊಂದು ಐದು ಹೆಸರು, ಐದು ತಾರೀಖು. ಅರ್ಜಿ ಹಾಕಿದಾಗಲೆಲ್ಲ ಬ್ಯಾಂಕು ವರದಿ ತೆಗೆದು ನೋಡುತ್ತದೆ, ನೋಡಿದ್ದೂ ದಾಖಲಾಗುತ್ತದೆ. ಆರನೆಯವರು ಅದನ್ನು ಕಂಡು "ಇವನಿಗೆ ದುಡ್ಡಿನ ಅವಸರ ಜಾಸ್ತಿ" ಅಂದುಕೊಳ್ಳುತ್ತಾರೆ. ನಮ್ಮ ವರದಿ ನಾವೇ ನೋಡಿಕೊಂಡರೆ ಅಂಕ ಇಳಿಯುವುದಿಲ್ಲ. ವರ್ಷಕ್ಕೊಮ್ಮೆ ಪೂರ್ತಿ ವರದಿ ಪುಕ್ಕಟೆ ಕೊಡಬೇಕು ಅಂತ ಆರ್‌ಬಿಐ ನಿಯಮವೇ ಇದೆ.

ಇಷ್ಟರಲ್ಲಿ ಯಾರೋ ಏಜೆಂಟ್ 2,000 ಕೊಟ್ಟರೆ ಕಾರ್ಡ್ ಮಾಡಿಸಿಕೊಡ್ತೀನಿ ಅಂದಿದ್ದನಂತೆ. ಅದಕ್ಕೆ ಜಾಸ್ತಿ ಮಾತು ಬೇಡ. ಏಜೆಂಟಿನ ಫೋನಿಗೆ ದುಡ್ಡು ಹಾಕಿ ಕಾರ್ಡ್ ಪಡೆಯುವ ಪದ್ಧತಿ ಯಾವ ಬ್ಯಾಂಕಿನಲ್ಲೂ ಇಲ್ಲ.

ನಾನು ಹೇಳಿದ್ದು ಇಷ್ಟು. ಸದ್ಯ ಎಲ್ಲೂ ಅರ್ಜಿ ಹಾಕಬೇಡ. ಕೂಡಿಟ್ಟ ದುಡ್ಡಿನಲ್ಲಿ 20,000 ಎಫ್‌ಡಿ ಮಾಡು, ಅದರ ಮೇಲೆ ಕಾರ್ಡ್ ಕೇಳು. ಸಂಬಳದ ಚೀಟಿ ಇಲ್ಲದವರಿಗೆ ಇದೇ ಸಲೀಸು ದಾರಿ. ಲಿಮಿಟ್ ಠೇವಣಿಗಿಂತ ಸ್ವಲ್ಪ ಕಡಿಮೆ ಇರಬಹುದು, ಬಡ್ಡಿ ಎಂದಿನಂತೆ ಬರುತ್ತದೆ. ಕಾರ್ಡ್ ಇರುವ ತನಕ ಎಫ್‌ಡಿ ಮುರಿಯುವ ಹಾಗಿಲ್ಲ. ಬಾಕಿ ಉಳಿಸಿಕೊಂಡರೆ ಬ್ಯಾಂಕು ಎಫ್‌ಡಿಯಲ್ಲೇ ಹಿಡಿದುಕೊಳ್ಳುತ್ತದೆ, ಹೆಸರೂ ಕೆಡುತ್ತದೆ. ತಿಂಗಳ ಪೆಟ್ರೋಲು, ರೀಚಾರ್ಜಿಗೆ ಮಾತ್ರ ಬಳಸು. ಎಟಿಎಂಗೆ ಹಾಕಲೇಬೇಡ, ನಗದು ತೆಗೆದ ದಿನದಿಂದಲೇ ಬಡ್ಡಿ ಶುರು.

"ಮಿನಿಮಮ್ ಕಟ್ಟಿದ್ರ ಸಾಕಲ್ರೀ?" ಅಂದ. ಎಲ್ಲರೂ ಜಾರುವುದು ಇಲ್ಲೇ. ಪೆನ್ನು ಅವನ ಕೈಗೇ ಕೊಟ್ಟೆ. ಬಿಲ್ 18,000 ಅಂದುಕೊಳ್ಳೋಣ. ಮಿನಿಮಮ್, ಅಂದರೆ ಆ ತಿಂಗಳು ಕಟ್ಟಲೇಬೇಕಾದ ಕನಿಷ್ಠ ಮೊತ್ತ, ಶೇ 5ರಂತೆ 900. ತಿಂಗಳಿಗೆ ಶೇ 3.5 ಬಡ್ಡಿ ಹಿಡಿದರೆ 630, ಅದರ ಮೇಲೆ ಶೇ 18 ಜಿಎಸ್‌ಟಿ 113. ಎರಡೂ ಸೇರಿ 743. ಅಸಲಿಗೆ ಹೋಗುವುದು 157 ರೂಪಾಯಿ. ಬಾಕಿ ಉಳಿದಿರುವಾಗ ಹೊಸದಾಗಿ ಏನು ಕೊಂಡರೂ ಕೊಂಡ ದಿನದಿಂದಲೇ ಬಡ್ಡಿ. ಹುಡುಗ 157ರ ಸುತ್ತ ಎರಡು ಸಲ ಗೆರೆ ಎಳೆದ. ಲೆಕ್ಕದವನಲ್ವಾ, ಬೇಗ ಹೊಳೆಯಿತು.

ಎದ್ದು ಹೊರಡುವಾಗ ನಿಜ ಬಾಯಿಬಿಟ್ಟ. ಕಾರ್ಡ್ ಬೇಕಾಗಿದ್ದು ಅವನಿಗಲ್ಲ. ಗೆಳೆಯನಿಗೆ ಕಂತಿನಲ್ಲಿ ಫೋನ್ ತೆಗೆಸಿಕೊಡಲು. ತಿಂಗಳಾ ತಿಂಗಳಾ ದುಡ್ಡು ಕೊಡ್ತೀನಿ ಅಂತ ಅವನು ಹೇಳಿದ್ದನಂತೆ. ಕಂತು ತಪ್ಪಿದರೆ ಬ್ಯಾಂಕು ಹುಡುಕಿಕೊಂಡು ಬರುವುದು ನಿನ್ನನ್ನೇ, ಕೆಡುವುದು ನಿನ್ನ ಅಂಕವೇ ಅಂದೆ. ಗೆಳೆಯನಿಗೆ ಇಲ್ಲ ಅನ್ನಲು ಸಂಕೋಚವಾದರೆ ಲಿಮಿಟ್ ಸಾಲಲ್ಲ ಅಂತ ಹೇಳು, ಎಫ್‌ಡಿ ಕಾರ್ಡಿನಲ್ಲಿ ಅದು ಸುಳ್ಳೂ ಅಲ್ಲ.

ಎಂಟು ತಿಂಗಳ ಮೇಲೆ ಫೋನ್ ಮಾಡಿದ್ದ. ಅಂಕ ಬಂದಿದೆ, 700 ದಾಟಿದೆ. ಗೆಳೆಯನ ಜೊತೆ ಮಾತು ಕಡಿಮೆಯಾಗಿದೆಯಂತೆ. ಈಗ ಬ್ಯಾಂಕಿನವರೇ ಕರೆ ಮಾಡಿ ಎಫ್‌ಡಿ ಇಲ್ಲದ, ದೊಡ್ಡ ಲಿಮಿಟಿನ ಕಾರ್ಡ್ ಕೊಡ್ತೀವಿ ಅಂತಿದ್ದಾರೆ, ತಗೊಳ್ಲೇನ್ರೀ ಅಂತ ಕೇಳಿದ. ಸಂಬಳ ಪೂರ್ತಿ ಖಾತೆಗೆ ಬರೋ ತನಕ ಬೇಡ ಅಂದೆ.