ಜೆ. ಜೆ. ವಾಟ್ ಲೇಖನ: ನಿಮ್ಮ ಹಸ್ತಪ್ರತಿಗೆ ನಮ್ಮ ಉತ್ತರ

ನಮಸ್ಕಾರ.

ಜೆ. ಜೆ. ವಾಟ್ ಅವರ ಬಾಲ್ಯ ಮತ್ತು ಕಾಲೇಜು ದಿನಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ತಿದ್ದಿ ಕಳಿಸಿದರೆ ಖಂಡಿತ ಹಾಕುತ್ತೇವೆ. ಅಮೆರಿಕನ್ ಫುಟ್‌ಬಾಲ್ ಬಗ್ಗೆ ಕನ್ನಡದಲ್ಲಿ ಓದಲು ಸಿಗುವುದೇ ಅಪರೂಪ. ಅದರಲ್ಲೂ ನೀವು ಪಾಸ್ ಎಸೆದು ಎಲ್ಲರ ಕಣ್ಣಿಗೆ ಬೀಳುವ ಕ್ವಾರ್ಟರ್‌ಬ್ಯಾಕ್‌ನನ್ನು ಬಿಟ್ಟು, ಅವನನ್ನು ಕೆಡವಲು ನುಗ್ಗುವ ಒಬ್ಬ ಡಿಫೆನ್ಸಿವ್ ಎಂಡ್‌ನನ್ನು ಆರಿಸಿಕೊಂಡಿದ್ದೀರಿ. ಆ ಆಯ್ಕೆ ನಮಗೆ ಬಹಳ ಹಿಡಿಸಿತು. ಹಾಗಾಗಿ ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇವೆ.

ದೊಡ್ಡ ತೊಂದರೆ ಪಿಜ್ಜಾ. ನಿಮ್ಮ ಲೇಖನದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು, ವಾಟ್ ಪಿಜ್ಜಾ ಹಟ್‌ನಲ್ಲಿ ಡೆಲಿವರಿ ಮಾಡಿದ ಕೆಲವೇ ತಿಂಗಳಿಗೆ ಹೋಗಿದೆ. ಮಳೆ, ಸ್ಕೂಟರ್, ನೆನೆದ ಡಬ್ಬಿ, ಗದರುವ ಗಿರಾಕಿ. ಅವರು ಪಿಜ್ಜಾ ಹಂಚಿದ್ದು ನಿಜ. ಉಳಿದದ್ದೆಲ್ಲ ನೀವು ಸೇರಿಸಿದ್ದು. ನಿಜವಾದ ವ್ಯಕ್ತಿಯ ಜೀವನದಲ್ಲಿ ಹೀಗೆ ದೃಶ್ಯ ಕಟ್ಟುವಂತಿಲ್ಲ. ಪಿಜ್ಜಾ ಒಂದು ವಾಕ್ಯಕ್ಕೆ ಇಳಿಯಲಿ. ಅದೇ ರೀತಿ ‘ಕಡುಬಡತನದಲ್ಲಿ ಬೆಳೆದ ಹುಡುಗ’ ಎಂಬ ಮೊದಲ ಸಾಲನ್ನು ತೆಗೆಯಿರಿ. ತಂದೆ ಜಾನ್ ಅಗ್ನಿಶಾಮಕ ದಳದಲ್ಲಿದ್ದರು. ಹುಡುಗ ನಾಲ್ಕನೇ ವಯಸ್ಸಿನಿಂದ ಹದಿಮೂರರವರೆಗೆ ಊರೂರು ಸುತ್ತಿ ಆಡುವ ಐಸ್ ಹಾಕಿ ತಂಡದಲ್ಲಿದ್ದ. ಅದು ಅಮೆರಿಕದಲ್ಲಿ ದುಬಾರಿ ಆಟ. ಅನುಕೂಲಸ್ಥರಲ್ಲದಿರಬಹುದು, ಕಡುಬಡವರಂತೂ ಅಲ್ಲ. ಕಷ್ಟ ತೋರಿಸದಿದ್ದರೆ ಓದುಗರು ಮೆಚ್ಚುವುದಿಲ್ಲ ಎಂಬ ಭಯ ನಿಮಗಿದ್ದಂತಿದೆ. ಬೇಡ, ಈ ಕಥೆಯಲ್ಲಿ ಅದಕ್ಕಿಂತ ಒಳ್ಳೆಯದು ಇದೆ.

ಅದನ್ನು ನೀವು ಒಂದೇ ಸಾಲಿನಲ್ಲಿ ದಾಟಿದ್ದೀರಿ, ಅದೂ ತಪ್ಪಾಗಿ: ‘ಸೆಂಟ್ರಲ್ ಮಿಷಿಗನ್ ತಂಡದ ಕೋಚ್ ಟ್ಯಾಕಲ್ ಮಾಡು ಎಂದು ಒತ್ತಾಯಿಸಿದ್ದರಿಂದ ಬೇಸತ್ತು ತಂಡ ಬಿಟ್ಟ.’ ಟ್ಯಾಕಲ್ ಎಂಬ ಪದಕ್ಕೆ ಈ ಆಟದಲ್ಲಿ ಎರಡು ಅರ್ಥ. ಒಂದು, ಚೆಂಡು ಹಿಡಿದವನನ್ನು ಕೆಡವುವ ಕ್ರಿಯೆ. ಇನ್ನೊಂದು, ಮೈದಾನದಲ್ಲಿ ಒಂದು ಸ್ಥಾನದ ಹೆಸರು. 2007ರಲ್ಲಿ ವಾಟ್ ಸೆಂಟ್ರಲ್ ಮಿಷಿಗನ್‌ನಲ್ಲಿ ಟೈಟ್ ಎಂಡ್, ಅಂದರೆ ಪಾಸ್ ಹಿಡಿಯುವ ಹಕ್ಕೂ ಇರುವ ಆಟಗಾರ ಆಗಿದ್ದರು. ಆ ಸೀಸನ್‌ನಲ್ಲಿ 8 ಪಾಸ್ ಹಿಡಿದು 77 ಗಜ ಗಳಿಸಿದ್ದರು. ಅವರನ್ನು ಅಫೆನ್ಸಿವ್ ಟ್ಯಾಕಲ್ ಸ್ಥಾನಕ್ಕೆ, ಅಂದರೆ ಮುಂಸಾಲಿನಲ್ಲಿ ನಿಂತು ಎದುರಾಳಿಯನ್ನು ತಡೆಯುವ ಜಾಗಕ್ಕೆ, ಸರಿಸುವ ಮಾತು ಬಂತು. ಇದರ ತೂಕ ಓದುಗರಿಗೆ ಗೊತ್ತಾಗಬೇಕು. ಅಫೆನ್ಸಿವ್ ಟ್ಯಾಕಲ್‌ಗೆ ನಿಯಮದ ಪ್ರಕಾರ ಮುಂದಕ್ಕೆ ಎಸೆದ ಪಾಸ್ ಹಿಡಿಯುವ ಹಕ್ಕಿಲ್ಲ; ಆ ಸಾಲಿನವರು 50ರಿಂದ 79ರೊಳಗಿನ ಅಂಗಿ ಸಂಖ್ಯೆ ತೊಡುವುದೂ ಅದಕ್ಕೇ. ಅಂದರೆ ಒಪ್ಪಿಕೊಂಡಿದ್ದರೆ ಅವರ ಕೈಗೆ ಚೆಂಡು ಬರುವುದೇ ನಿಂತುಹೋಗುತ್ತಿತ್ತು. ಅವರು ಪೂರ್ಣ ವಿದ್ಯಾರ್ಥಿವೇತನವನ್ನು ಬಿಟ್ಟು ತಮ್ಮದೇ ರಾಜ್ಯದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ‘ವಾಕ್-ಆನ್’ ಆಗಿ ಹೋದರು. ವಾಕ್-ಆನ್ ಎಂದರೆ ಶುಲ್ಕ ತಾನೇ ಕಟ್ಟಿಕೊಂಡು ತಂಡದಲ್ಲಿ ಜಾಗ ಕೇಳುವವನು. ಆ ಕಾಲದಲ್ಲಿ ದೊಡ್ಡ ಕಾಲೇಜು ತಂಡವೊಂದು 85 ಆಟಗಾರರಿಗಷ್ಟೇ ವಿದ್ಯಾರ್ಥಿವೇತನ ಕೊಡಬಹುದಿತ್ತು. ವಾಕ್-ಆನ್ ಆ 85ರ ಹೊರಗಿನವನು. ಈ ಲೆಕ್ಕ ಕೊಟ್ಟರೆ ಸಾಕು, ‘ಧೈರ್ಯಶಾಲಿ’ ಎಂಬ ವಿಶೇಷಣವೇ ಬೇಕಾಗುವುದಿಲ್ಲ.

ಈಗ ಲೇಖನದ ನಡುಭಾಗ ಆಗಬೇಕಾದ ವಿಷಯ. ಟೈಟ್ ಎಂಡ್ ನಿಲ್ಲುವುದು ಸಾಲಿನ ತುದಿಯಲ್ಲಿ. ಅವನಿಗೆ ಎರಡು ಕೆಲಸ: ಕೆಲವು ಸಲ ಓಡಿ ಪಾಸ್ ಹಿಡಿಯುವುದು, ಉಳಿದ ಸಲ ಎದುರಿನವನನ್ನು ತಡೆಯುವುದು. ಆ ಎದುರಿನವನು ಹೆಚ್ಚಿನ ಸಲ ಡಿಫೆನ್ಸಿವ್ ಎಂಡ್. ವಿಸ್ಕಾನ್ಸಿನ್‌ನಲ್ಲಿ ವಾಟ್ ಆದದ್ದು ಅದೇ ಡಿಫೆನ್ಸಿವ್ ಎಂಡ್. ಒಂದು ವರ್ಷದ ಹಿಂದೆ ಯಾರನ್ನು ತಡೆಯುತ್ತಿದ್ದರೋ, ಈಗ ಅವರೇ ಆ ಜಾಗದಲ್ಲಿ. ಇದನ್ನು ಹತ್ತಿರದಿಂದ ತೋರಿಸಿ. ಚೆಂಡು ಹಿಂದಕ್ಕೆ ಬಂದ ಕ್ಷಣದಲ್ಲಿ ತಡೆಯುವವನ ಮೊದಲ ಹೆಜ್ಜೆ ನೋಡಬೇಕು. ಅವನು ಹಿಂದಕ್ಕೆ ಸರಿದರೆ ಪಾಸ್, ಮುಂದಕ್ಕೆ ನುಗ್ಗಿದರೆ ಓಟ. ಹಿಂದೆ ಸರಿದವನ ಭಾರ ಹಿಮ್ಮಡಿಗೆ ಬಿದ್ದಿದ್ದರೆ ಎರಡೂ ಅಂಗೈ ಅವನ ಎದೆಗಿಟ್ಟು ನೇರ ತಳ್ಳಬೇಕು. ಅವನು ಮುಂದಕ್ಕೆ ಬಾಗಿದ್ದರೆ ತೋಳು ಹಿಡಿದು ಎಳೆದು ಬದಿಯಿಂದ ನುಸುಳಬೇಕು. ಹೊಸಬರು ಸೋಲುವುದು ಎಲ್ಲಿ ಎಂದರೆ, ಮೊದಲು ನೆಟ್ಟಗೆ ಎದ್ದು ನಿಲ್ಲುತ್ತಾರೆ, ಆಮೇಲೆ ಕೈ ಚಾಚುತ್ತಾರೆ. ಸೊಂಟ ಎತ್ತರವಾದ ಕೂಡಲೇ ಅವನು ಎಷ್ಟೇ ಬಲಶಾಲಿಯಾಗಿದ್ದರೂ ಎದುರಾಳಿ ಕೆಳಗಿನಿಂದ ಎತ್ತಿಬಿಡುತ್ತಾನೆ. ಆರು ಅಡಿ ಐದು ಇಂಚಿನ ಮನುಷ್ಯನಿಗೆ ಇದು ಇನ್ನೂ ಕಷ್ಟ. ತಗ್ಗಿ ಇರುವುದನ್ನು ಅವನು ಕಲಿತೇ ಆಗಬೇಕು.

ಪಾಸ್ ಹಿಡಿದು ಪಳಗಿದ ಕೈ ಕೂಡ ವ್ಯರ್ಥವಾಗಲಿಲ್ಲ ಎಂಬುದು ನಮ್ಮ ಓದು. ಕ್ವಾರ್ಟರ್‌ಬ್ಯಾಕ್‌ನನ್ನು ಮುಟ್ಟಲಾಗದು ಎಂದು ಗೊತ್ತಾದಾಗ ಒಳ್ಳೆಯ ಎಂಡ್ ಅಲ್ಲೇ ಕಾಲೂರಿ, ಎಸೆಯುವವನ ಭುಜ ಏಳುವುದನ್ನು ಕಾದು, ಕೈ ಎತ್ತುತ್ತಾನೆ. ಬೇಗ ಹಾರಿದರೆ ಚೆಂಡು ಪಕ್ಕದಿಂದ ಹೋಗುತ್ತದೆ. 2010ರಲ್ಲಿ ವಾಟ್ ಎದುರಾಳಿಯ ಒಂದು ಪಾಸನ್ನು ತಾವೇ ಹಿಡಿದರು, ಮೂರು ಕಿಕ್‌ಗಳನ್ನು ತಡೆದರು. ನೀವು ಈ ಅಂಕಿಗಳನ್ನು ಕೊನೆಯ ಪಟ್ಟಿಯಲ್ಲಿ ತುರುಕಿದ್ದೀರಿ. ಅವುಗಳ ಜಾಗ ಇಲ್ಲಿ. ಪಿವಾಕೀ ಹೈಸ್ಕೂಲಿನ ಗುಂಡೆಸೆತವನ್ನೂ ಇದರ ಪಕ್ಕಕ್ಕೆ ತನ್ನಿ: 2007ರಲ್ಲಿ ಅವರು ರಾಜ್ಯ ಪ್ರಶಸ್ತಿ ಗೆದ್ದವರು, 59 ಅಡಿ 11.5 ಇಂಚು ಶಾಲೆಯ ದಾಖಲೆ. ಗುಂಡೆಸೆತದಲ್ಲಿ ಬಲ ಹುಟ್ಟುವುದು ತೋಳಿನಲ್ಲಲ್ಲ, ಕಾಲು ಮತ್ತು ಸೊಂಟದಲ್ಲಿ. ಸಾಲಿನಲ್ಲಿ ಮೊದಲ ತಳ್ಳುವಿಕೆಗೆ ಬೇಕಾದದ್ದೂ ಅದೇ. ಹಾಕಿಗೆ ನೀವು ಕೊಟ್ಟ ಎರಡು ಪ್ಯಾರಾಗಳಿಗಿಂತ ಇದು ಹೆಚ್ಚು ಹೇಳುತ್ತದೆ.

2008ರ ಬಗ್ಗೆ ‘ಅವಕಾಶ ಸಿಗದೆ ವರ್ಷವಿಡೀ ಬೆಂಚಿನಲ್ಲಿ ಕೂತ’ ಎಂದಿದ್ದೀರಿ. ಅದು ಅನ್ಯಾಯವಲ್ಲ, ನಿಯಮ. ಆಗ ಒಂದು ಮೇಲ್ದರ್ಜೆಯ ಕಾಲೇಜು ತಂಡದಿಂದ ಇನ್ನೊಂದಕ್ಕೆ ಹೋದ ಆಟಗಾರ ಒಂದು ಸೀಸನ್ ಪಂದ್ಯ ಆಡುವಂತಿರಲಿಲ್ಲ. ಈಗ ಅದು ಸಡಿಲಗೊಂಡಿದೆ. ಅಭ್ಯಾಸಕ್ಕೆ ಅಡ್ಡಿ ಇರಲಿಲ್ಲ. ವಾಟ್ ‘ಸ್ಕೌಟ್ ತಂಡ’ದಲ್ಲಿದ್ದರು. ಮುಂದಿನ ಶನಿವಾರದ ಎದುರಾಳಿ ಹೇಗೆ ಆಡುತ್ತಾನೋ ಹಾಗೆ ವಾರವಿಡೀ ನಟಿಸಿ, ತಮ್ಮದೇ ಮುಖ್ಯ ತಂಡಕ್ಕೆ ಅಭ್ಯಾಸ ಕೊಡುವುದು ಸ್ಕೌಟ್ ತಂಡದ ಕೆಲಸ. ವಿಸ್ಕಾನ್ಸಿನ್‌ನ ಮುಖ್ಯ ಸಾಲಿನಲ್ಲಿ ಆಗ ಗೇಬ್ ಕರಿಮಿ ಇದ್ದರು. ಕಾಲೇಜು ಫುಟ್‌ಬಾಲ್‌ನ ಅತ್ಯುತ್ತಮ ಮುಂಸಾಲಿನ ಆಟಗಾರನಿಗೆ ಕೊಡುವ ಔಟ್‌ಲ್ಯಾಂಡ್ ಟ್ರೋಫಿಯನ್ನು 2010ರಲ್ಲಿ ಗೆದ್ದ ಟ್ಯಾಕಲ್. ಇಂಥವರ ಸಾಲಿನೆದುರು ಪ್ರತಿದಿನ ನಿಂತು ಪೆಟ್ಟು ತಿನ್ನುವುದಕ್ಕಿಂತ ದೊಡ್ಡ ಪಾಠಶಾಲೆ ಬೇರೆ ಬೇಕೇ? ಆ ವರ್ಷ ತಂಡ ವಾಟ್‌ರನ್ನೇ ಸ್ಕೌಟ್ ತಂಡದ ವರ್ಷದ ಆಟಗಾರ ಎಂದು ಆರಿಸಿತು.

ಅಂಕಿಗಳಲ್ಲಿ ಎರಡು ಕಡೆ ಎಡವಿದ್ದೀರಿ. 2009ರ 4.5 ಸ್ಯಾಕ್‌ಗಳನ್ನು ‘5’ ಎಂದು ತಿದ್ದಿದ್ದೀರಿ. ಪಾಸ್ ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವುದು ಸ್ಯಾಕ್. ಅರ್ಧ ಸ್ಯಾಕ್ ಮುದ್ರಣದೋಷವಲ್ಲ. ಇಬ್ಬರು ಸೇರಿ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವಿದರೆ ತಲಾ ಅರ್ಧ. ಎರಡನೆಯದು ಇನ್ನೂ ಗಂಭೀರ: 2010ರ 21 ‘ನಷ್ಟದ ಟ್ಯಾಕಲ್’ಗಳಿಗೆ 7 ಸ್ಯಾಕ್ ಕೂಡಿಸಿ 28 ಮಾಡಿದ್ದೀರಿ. ಚೆಂಡು ಹಿಡಿದವನನ್ನು ಆಟ ಶುರುವಾದ ಗೆರೆಯ ಹಿಂದೆಯೇ ಕೆಡವುವುದು ನಷ್ಟದ ಟ್ಯಾಕಲ್. ಕಾಲೇಜು ಲೆಕ್ಕದಲ್ಲಿ ಸ್ಯಾಕ್‌ಗಳು ನಷ್ಟದ ಟ್ಯಾಕಲ್‌ನೊಳಗೇ ಸೇರಿರುತ್ತವೆ. 2009ರ 15.5 ಸೇರಿಸಿದರೆ ಎರಡು ಸೀಸನ್‌ಗೆ 36.5, ಅದರಲ್ಲಿ ಸ್ಯಾಕ್ 11.5. ಪ್ರತಿ ಸೀಸನ್‌ಗೆ 13ರಂತೆ ಒಟ್ಟು 26 ಪಂದ್ಯಗಳಲ್ಲಿ ಇಷ್ಟು. ನಷ್ಟದ ಟ್ಯಾಕಲ್ ಯಾಕೆ ಮುಖ್ಯ ಎಂಬುದನ್ನೂ ಹೇಳಿ. ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಸಾಗಬೇಕು. ಮೊದಲ ಪ್ರಯತ್ನದಲ್ಲೇ ನಾಲ್ಕು ಗಜ ಹಿಂದೆ ಬಿದ್ದರೆ ಉಳಿದ ಮೂರರಲ್ಲಿ ಹದಿನಾಲ್ಕು. ಆಗ ಎದುರಾಳಿ ಪಾಸ್ ಎಸೆಯಲೇಬೇಕಾದ ಇಕ್ಕಟ್ಟಿಗೆ ಬೀಳುತ್ತಾನೆ. ಗಜವನ್ನು ಮೀಟರ್ ಮಾಡಬೇಡಿ, ಆಟದ ಲೆಕ್ಕವೇ ಗಜದ್ದು.

ಕಬಡ್ಡಿ ಹೋಲಿಕೆ ಬೇಡ. ಕಬಡ್ಡಿಯಲ್ಲಿ ಏಳು ಮಂದಿ ಸೇರಿ ಒಬ್ಬ ರೇಡರ್‌ನನ್ನು ಹಿಡಿಯುತ್ತಾರೆ. ಇಲ್ಲಿ ಎಂಡ್‌ಗೆ ಚೆಂಡು ಹಿಡಿದವನು ಎರಡನೇ ಎದುರಾಳಿ. ಮೊದಲನೆಯವನು ದಾರಿಗಡ್ಡ ನಿಂತ ನೂರಮೂವತ್ತು ಕಿಲೋದ ಮನುಷ್ಯ. ಹೋಲಿಕೆಯಿಂದ ಓದುಗರು ದಾರಿ ತಪ್ಪುತ್ತಾರೆ. ಭಾಷೆಯ ವಿಷಯದಲ್ಲಿ ಒಂದೇ ಮಾತು: ಒಂದು ಪ್ಯಾರಾದಲ್ಲಿ ‘ಅವನು’, ಮುಂದಿನದರಲ್ಲಿ ‘ಅವರು’ ಆಗಿದೆ, ಹೈಸ್ಕೂಲಿನ ತನಕ ಮೊದಲನೆಯದು, ಕಾಲೇಜಿನಿಂದ ಎರಡನೆಯದು ಇರಲಿ.

2010ರ ಅಕ್ಟೋಬರ್ 16ರ ಪಂದ್ಯವನ್ನು ನೀವು ಬಿಟ್ಟೇಬಿಟ್ಟಿದ್ದೀರಿ. ಮ್ಯಾಡಿಸನ್‌ನ ಕ್ಯಾಂಪ್ ರ‍್ಯಾಂಡಲ್ ಕ್ರೀಡಾಂಗಣದಲ್ಲಿ ವಿಸ್ಕಾನ್ಸಿನ್, ದೇಶದ ಮೊದಲ ಶ್ರೇಯಾಂಕದ ಒಹಾಯೊ ಸ್ಟೇಟ್ ತಂಡವನ್ನು 31–18ರಿಂದ ಸೋಲಿಸಿತು, ವಾಟ್ ಎರಡು ಸ್ಯಾಕ್ ಮಾಡಿದರು. ಮೇಲೆ ಹೇಳಿದ ಹೆಜ್ಜೆ, ಕೈ, ಸೊಂಟದ ವಿವರಣೆ ಈ ಪಂದ್ಯದ ಒಳಗೇ ಬಂದರೆ ಚೆನ್ನ. ಸೀಸನ್ ಕೊನೆಯ ಪ್ರತಿಷ್ಠಿತ ಪಂದ್ಯವಾದ ರೋಸ್ ಬೌಲ್ ಗೆದ್ದರು ಎಂದು ನೀವು ಬರೆದಿರುವುದು ಸುಳ್ಳು: 2011ರ ಜನವರಿ 1ರಂದು ಟಿಸಿಯು ತಂಡ 21–19ರಿಂದ ಗೆದ್ದಿತು. ಕೊನೆಯ ಎರಡು ನಿಮಿಷದಲ್ಲಿ ಸಮಬಲಕ್ಕೆ ಬೇಕಾದ ಎರಡು ಅಂಕದ ಪಾಸನ್ನು ಟಿಸಿಯು ಡಿಫೆನ್ಸ್ ಆಟಗಾರನೊಬ್ಬ ಕೈಯಿಂದ ಬಡಿದು ಕೆಡವಿದ. ಇನ್ನೊಂದು ಸೀಸನ್ ಆಡುವ ಅರ್ಹತೆ ಉಳಿದಿದ್ದರೂ ವಾಟ್ ಮರಳಲಿಲ್ಲ. ವೃತ್ತಿಪರ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಏಪ್ರಿಲ್‌ನ ಡ್ರಾಫ್ಟ್‌ನಲ್ಲಿ ಹ್ಯೂಸ್ಟನ್ ಟೆಕ್ಸನ್ಸ್ ಅವರನ್ನು ಹನ್ನೊಂದನೆಯವರಾಗಿ ಆರಿಸಿತು. ಲೇಖನ ಅಲ್ಲಿಗೆ ನಿಲ್ಲಲಿ, ಮುಂದಿನ ವೃತ್ತಿಜೀವನ ಸೇರಿಸಬೇಡಿ. 1,200 ಪದದೊಳಗೆ ಬರೆದು ಕಳಿಸಿ, ಕಾಯುತ್ತಿರುತ್ತೇವೆ.